ಖಾಲಿ ಕೋಶದ ಅರ್ಥ: ಸ್ಪ್ರೆಡ್‌ಶೀಟ್ ತಿದ್ದುವ ಉಪಕರಣವನ್ನು ಏಜೆಂಟ್‌ಗೆ ವಿವರಿಸುವಾಗ

ಕೃತಕ ಬುದ್ಧಿಮತ್ತೆಯ ಏಜೆಂಟ್ ಸ್ಪ್ರೆಡ್‌ಶೀಟನ್ನು ತಾನಾಗಿ ತಿದ್ದುವುದಿಲ್ಲ. ಅದಕ್ಕೆಂದು ಒದಗಿಸಿದ ಉಪಕರಣದ ಮೂಲಕ ತಿದ್ದುತ್ತದೆ. ಪ್ರತಿಯೊಂದು ಉಪಕರಣಕ್ಕೂ ಒಂದು ಹೆಸರು, ಅದು ಏನು ಮಾಡುತ್ತದೆಂಬ ಕಿರುವಿವರಣೆ, ಅದಕ್ಕೆ ಕೊಡಬೇಕಾದ ಮೌಲ್ಯಗಳ ಪಟ್ಟಿ ಇರುತ್ತವೆ. 2024ರ ನವೆಂಬರ್‌ನಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಈ ಮಾದರಿಯನ್ನು ವ್ಯಾಪಕಗೊಳಿಸಿತು. ಯಾವ ಉಪಕರಣವನ್ನು ಯಾವಾಗ ಬಳಸಬೇಕೆಂಬುದನ್ನು ಏಜೆಂಟ್ ಈ ಕೆಲವೇ ವಾಕ್ಯಗಳಿಂದ ನಿರ್ಧರಿಸುತ್ತದೆ. ಆದುದರಿಂದ ಅವುಗಳ ರಚನೆ ಕೇವಲ ತಂತ್ರಜ್ಞರ ಕೆಲಸವಲ್ಲ, ಅರ್ಥವಿಜ್ಞಾನದ ಕೆಲಸವೂ ಹೌದು.

ಈ ಮಾತು ನನಗೆ ಮನವರಿಕೆಯಾದದ್ದು ನಿರ್ಣಾ ಮತ್ತು ಸುತ್ತಲಿನ ಹುಮನಾಬಾದ್, ಬಸವಕಲ್ಯಾಣ ಭಾಗದ ಆಡುಗನ್ನಡದ ಪದಪಟ್ಟಿಯೊಂದರಿಂದ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ದಖನಿ, ತೆಲುಗು ಒಂದರ ಪಕ್ಕದಲ್ಲೊಂದು ಬದುಕಿವೆ. ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಕುಪವಾಡದ ಬಗೆಗೆ ಎತ್ತಿದಂಥ ಪ್ರಶ್ನೆಗಳನ್ನು ಇಲ್ಲಿಯೂ ಎತ್ತಬಹುದು. ಅದಕ್ಕೆ ಯಾವ ರೂಪವನ್ನು ಯಾರು ಆಡಿದರೆಂಬ ದಾಖಲೆ ನಂಬಲರ್ಹವಾಗಿರಬೇಕು. ಪಟ್ಟಿಯನ್ನು ‘ಸ್ವಚ್ಛಗೊಳಿಸು’ ಎಂದು ನಾನು ಏಜೆಂಟ್‌ಗೆ ಒಪ್ಪಿಸಿದೆ. ಹಿಂತಿರುಗಿದಾಗ ಖಾಲಿ ಕೋಶಗಳೆಲ್ಲ ತುಂಬಿದ್ದವು. ‘ಮನ್ಯಾಗ’ ಬರಬಹುದಾಗಿದ್ದಲ್ಲಿ ‘ಮನೆಯಲ್ಲಿ’ ಎಂದಿದ್ದುದು ಕಣ್ಣಿಗೆ ಬಿತ್ತು, ಅಳಿಸಿದೆ. ಅಪಾಯವಿದ್ದುದು ಬೇರೆಡೆ: ಕೆಲವು ಕೋಶಗಳಲ್ಲಿ ‘ಬರಾಕತ್ತಾನ’ ಎಂದಿತ್ತು. ಕಲಬುರಗಿ, ಬೀದರ ಕಡೆಯ ‘ಬರ್ಲತ್ತಾನ’ದ ಜಾಗದಲ್ಲಿ ಧಾರವಾಡ ಕಡೆಯ ರೂಪ! ಉತ್ತರದ ಕನ್ನಡವೆಂದು ತೋರುವ, ಆದರೆ ಯಾರೂ ನನ್ನೆದುರು ಆಡದ ಮಾತು. ನಾಳೆ ಯಾರಾದರೂ ಇದನ್ನು ಎರಡು ಉಪಭಾಷೆಗಳು ಬೆರೆತದ್ದಕ್ಕೆ ಪುರಾವೆಯೆಂದು ಉಲ್ಲೇಖಿಸಬಹುದಿತ್ತು.

ತಪ್ಪು ಏಜೆಂಟ್‌ನದೆಂದು ಹೇಳಿ ಕೈತೊಳೆದುಕೊಳ್ಳಲಾಗದು. ‘ಖಾಲಿ’ ಎಂಬುದಕ್ಕೆ ನನ್ನ ಪಟ್ಟಿಯಲ್ಲಿ ಮೂರು ಅರ್ಥಗಳಿದ್ದವು: ಕೇಳಿಲ್ಲ, ಕೇಳಿದರೂ ಉತ್ತರ ಸಿಗಲಿಲ್ಲ, ಅಂಥ ರೂಪ ತಮ್ಮಲ್ಲಿ ಇಲ್ಲವೆಂದು ವಕ್ತೃವೇ ಹೇಳಿದರು. ಮೂರನೆಯದು ಸ್ವತಃ ಒಂದು ದತ್ತಾಂಶ. ಜೊತೆಗೆ ಕೆಲಸ ಮಾಡಿದ ಸಂಶೋಧನಾ ವಿದ್ಯಾರ್ಥಿಗೆ ಇದನ್ನು ಹೇಳಬೇಕಿರಲಿಲ್ಲ. ಕ್ಷೇತ್ರಕಾರ್ಯದ ಅನುಭವವೇ ಅವರಿಗೆ ಸಂದರ್ಭವಾಗಿತ್ತು. ಏಜೆಂಟ್‌ಗೆ ಆ ಸಂದರ್ಭವಿಲ್ಲ. ನಾವು ಹೇಳದೆ ಬಿಟ್ಟುದನ್ನು ಅದು ತಾನು ಹೆಚ್ಚು ಕಂಡ ಬರಹದ ರೂಢಿಯಿಂದ ತುಂಬುತ್ತದೆ. ಬರಹದಲ್ಲಿ ಹೆಚ್ಚು ಇರುವುದು ಬೀದರದ ಕನ್ನಡವಲ್ಲ.

ವಿವರಣೆಯನ್ನು ಹೊಸದಾಗಿ ಬರೆಯತೊಡಗಿದಾಗ ಕನ್ನಡದ್ದೇ ಆದ ತೊಡಕುಗಳು ಎದುರಾದವು. ‘12ನೇ ಸಾಲಿನ ಮುಂದೆ ಹೊಸ ಸಾಲು ಸೇರಿಸು’ ಎಂದರೆ ಎಲ್ಲಿ? ‘ಮುಂದಿನ ಸಾಲು’ ಎಂದರೆ 13ನೆಯದು. ಆದರೆ ಮನೆಯ ಮುಂದೆ ನಿಂತವನು ಮನೆಗಿಂತ ಮೊದಲೇ ಸಿಗುತ್ತಾನೆ. ‘ಮೇಲೆ’ ಎಂದು ಬದಲಿಸಿದರೂ ಸಂದಿಗ್ಧತೆ ನೀಗದು: ಸ್ಥಳವನ್ನು ಹೇಳುವ ಅದೇ ಪದ ‘ಆಮೇಲೆ’ಯಲ್ಲಿ ನಂತರದ್ದನ್ನೂ, ‘ನೂರರ ಮೇಲೆ’ ಎಂಬಲ್ಲಿ ಮಿಕ್ಕಿದ್ದನ್ನೂ ಹೇಳುತ್ತದೆ. ಕೊನೆಗೆ ನಾನು ದಿಕ್ಕನ್ನು ಬಿಟ್ಟು ಫಲವನ್ನು ಬರೆದೆ: ‘ಹೊಸ ಸಾಲಿನ ಸಂಖ್ಯೆ 13 ಆಗುತ್ತದೆ, ಹಳೆಯ 13 ಈಗ 14.’ ‘ಅಳಿಸು’ ಕೂಡ ಹೀಗೆಯೇ. ಕೋಶದೊಳಗಿನದನ್ನು ಒರೆಸುವುದೂ ಸಾಲನ್ನೇ ಕಿತ್ತುಹಾಕುವುದೂ ಅದೇ ಕ್ರಿಯಾಪದ. ಎರಡನೆಯದರಲ್ಲಿ ಕೆಳಗಿನ ಸಾಲುಗಳ ಸಂಖ್ಯೆಗಳೆಲ್ಲ ಬದಲಾಗುವುದರಿಂದ, ಹಲವು ಸಾಲುಗಳನ್ನು ತೆಗೆಯುವಾಗ ಕೆಳಗಿನಿಂದ ಆರಂಭಿಸಬೇಕೆಂದೂ ಬರೆಯಬೇಕಾಯಿತು.

ಲಿಪಿಯ ಮಟ್ಟದಲ್ಲೂ ಎಚ್ಚರ ಬೇಕು. ‘ಹೊಂಟಾನ’ ಎಂಬ ಪದದ ಒತ್ವವು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿರಬಹುದು, ಎತ್ವ ಮತ್ತು ಊತ್ವಗಳ ಜೋಡಿಯೂ ಆಗಿರಬಹುದು. ಅನುಸ್ವಾರದ ಜಾಗದಲ್ಲಿ ಯಾರೋ ಕನ್ನಡದ ಸೊನ್ನೆಯನ್ನು ಒತ್ತಿರಬಹುದು. ನೋಡುವವರಿಗೆ ಹೆಚ್ಚುಕಡಿಮೆ ಒಂದೇ ಪದ, ಯಂತ್ರದೊಳಗೆ ನಾಲ್ಕು. ಯೂನಿಕೋಡ್‌ನ ಸಾಮಾನ್ಯೀಕರಣ ಮೊದಲ ಭೇದವನ್ನು ಅಳಿಸುತ್ತದೆ, ಎರಡನೆಯದನ್ನು ಮುಟ್ಟುವುದಿಲ್ಲ. ಇನ್ನು ‘3-2’ ಎಂಬ ವಕ್ತೃಸಂಕೇತ ದಿನಾಂಕವಾಗಿಬಿಡುವ ಪೀಡೆ ನಮ್ಮದಷ್ಟೇ ಅಲ್ಲ: ಎಕ್ಸೆಲ್ ಹೆಸರುಗಳನ್ನು ದಿನಾಂಕವಾಗಿಸುತ್ತದೆಂದು ಮಾನವ ಜೀನ್‌ಗಳ ನಾಮಕರಣ ಸಮಿತಿ 2020ರ ಹೊತ್ತಿಗೆ ಕೆಲವು ಜೀನ್‌ಗಳ ಸಂಕೇತಗಳನ್ನೇ ಬದಲಿಸಿತ್ತು.

ಈಗಿನ ವಿವರಣೆಯಲ್ಲಿ ‘ಸ್ವಚ್ಛಗೊಳಿಸು’, ‘ಸರಿಪಡಿಸು’ ಎಂಬ ಕ್ರಿಯಾಪದಗಳೇ ಇಲ್ಲ. ರೂಪದ ಕಂಬಸಾಲು ಓದಲು ಮಾತ್ರ. ಉಪಕರಣವೂ ಅಲ್ಲಿ ಬರೆಯಲು ಬಿಡುವುದಿಲ್ಲ, ಏಕೆಂದರೆ ವಾಕ್ಯವೊಂದೇ ಬೇಲಿಯಾಗದು. ಖಾಲಿಯ ಮೂರು ಅರ್ಥಗಳಿಗೆ ಮೂರು ಗುರುತುಗಳಿವೆ. ಪ್ರತಿಯೊಂದು ಬದಲಾವಣೆಗೂ ಹಳೆಯ ಮೌಲ್ಯ, ಹೊಸ ಮೌಲ್ಯ ಎರಡನ್ನೂ ಉಪಕರಣ ಹಿಂತಿರುಗಿಸುತ್ತದೆ. ವಿವರಣೆ ಉದ್ದವಾಯಿತು ನಿಜ.

‘ಬರಾಕತ್ತಾನ’ದ ಕೋಶಗಳನ್ನು ಮಾತ್ರ ಒಟ್ಟಾಗಿ ಅಳಿಸಿಲ್ಲ. ಧಾರವಾಡದ ಕಡೆಯಿಂದ ಮದುವೆಯಾಗಿ ಬಂದ ಒಬ್ಬ ವಕ್ತೃ ಆ ರೂಪವನ್ನು ನಿಜವಾಗಿಯೂ ಆಡಿರಬಹುದು. ಟಿಪ್ಪಣಿ ಪುಸ್ತಕದೊಂದಿಗೆ ಒಂದೊಂದಾಗಿ ಹೋಲಿಸುತ್ತಿದ್ದೇನೆ. ಪುಸ್ತಕದಲ್ಲಿ ಇಲ್ಲದ ಕಡೆ ಧ್ವನಿಮುದ್ರಣವನ್ನು ಮತ್ತೆ ಕೇಳುತ್ತಿದ್ದೇನೆ.