ಬೇಜಾರಿಗೆ ಎಷ್ಟು ಅಂಕ?

ನಾಲ್ಕು ವರ್ಷದ ಮಗುವಿನ ತೂಕವನ್ನು ತಕ್ಕಡಿ ಹೇಳುತ್ತದೆ. ಎತ್ತರವನ್ನು ಗೋಡೆಗೆ ಅಂಟಿಸಿದ ಪಟ್ಟಿ ಹೇಳುತ್ತದೆ. ಅದರ ಮನಸ್ಸಿನ ಹದವನ್ನು ಹೇಳುವ ಅಳತೆಗೋಲೂ ಒಂದಿದೆಯೆಂದು ಹತ್ತು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಆ ಅಳತೆಗೋಲನ್ನು ನಾನೇ ಕೈಯಲ್ಲಿ ಹಿಡಿದು ಪುತ್ತೂರು, ಸುಳ್ಯ, ಕಡಬಗಳ ಮೂರು ಅಂಗನವಾಡಿಗಳ ಜಗಲಿ ಹತ್ತಿಳಿದೆನಾದುದರಿಂದ, ಈಗ ನಗುವ ಅಧಿಕಾರ ನನಗಿಲ್ಲ.

ನಡೆದುದಿಷ್ಟು. ಶಿಶುಶಿಕ್ಷಣದಲ್ಲಿ ಸಂಶೋಧನೆ ಕೈಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ಮನೆಗೆ ಬಂದು ಕೆಲವು ಹಾಳೆಗಳನ್ನು ಮುಂದಿಟ್ಟಳು. "ಸರ್, ಇದನ್ನು ಒಳ್ಳೆಯ ಕನ್ನಡಕ್ಕೆ ತಂದುಕೊಡಬೇಕು" ಎಂದಳು. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸಾನ್ ಡೆನ್‌ಹ್ಯಾಮ್ ಎಂಬಾಕೆ 1980ರ ದಶಕದಲ್ಲಿ, ಇನ್ನೂ ಶಾಲೆಗೆ ಸೇರದ ಮಕ್ಕಳಿಗಾಗಿ ರೂಪಿಸಿದ ಗೊಂಬೆಯಾಟದ ಪರೀಕ್ಷೆಯದು. ಬಟ್ಟೆಯಲ್ಲಿ ಕತ್ತರಿಸಿದ ನಾಲ್ಕು ಮುಖಗಳು: ಸಂತೋಷದ್ದೊಂದು, ದುಃಖದ್ದೊಂದು, ಸಿಟ್ಟಿನದೊಂದು, ಹೆದರಿಕೆಯದೊಂದು. ಮಗು ಮೊದಲು ಅವುಗಳನ್ನು ಹೆಸರಿಸಬೇಕು. ಆಮೇಲೆ ನಾವು ಹೆಸರು ಹೇಳಿದಾಗ ಮುಖವನ್ನು ತೋರಿಸಬೇಕು. ಕೊನೆಗೆ ಗೊಂಬೆಯೊಂದು ಚಿಕ್ಕ ಚಿಕ್ಕ ಪ್ರಸಂಗಗಳನ್ನು ಅಭಿನಯಿಸುವಾಗ ತಕ್ಕ ಮುಖವನ್ನು ಆಯ್ದು ಅದಕ್ಕೆ ಅಂಟಿಸಬೇಕು. ಸರಿಯಾದರೆ ಎರಡು ಅಂಕ. ದುಃಖದ ಬದಲು ಸಿಟ್ಟನ್ನು ಅಂಟಿಸಿದರೆ, ಹಿತ ಅಹಿತಗಳ ವಿವೇಕವಾದರೂ ಇದೆಯೆಂದು, ಒಂದು. ಹಿತದ ಜಾಗದಲ್ಲಿ ಅಹಿತವನ್ನಿಟ್ಟರೆ ಸೊನ್ನೆ.

'ಭಾವನಾತ್ಮಕ ಬುದ್ಧಿಮತ್ತೆ' ಎಂಬ ಮಾತನ್ನು ಪೀಟರ್ ಸಲೋವೆ, ಜಾನ್ ಮೇಯರ್ ಎಂಬಿಬ್ಬರು 1990ರಲ್ಲಿ ಶಾಸ್ತ್ರದ ಪರಿಭಾಷೆಯಾಗಿ ನಿಲ್ಲಿಸಿದರು. 1995ರಲ್ಲಿ ಡೇನಿಯಲ್ ಗೋಲ್ಮನ್ನನ ಪುಸ್ತಕ ಅದನ್ನು ಲೋಕದ ಬಾಯಿಗೆ ಹಾಕಿತು. ತನ್ನ ಮನಸ್ಸಿನಲ್ಲಿ ಏಳುವ ಭಾವವನ್ನು ಗುರುತಿಸುವುದು, ಇತರರದನ್ನು ಅರಿಯುವುದು, ಎರಡನ್ನೂ ಹದಗೆಡದಂತೆ ನಡೆಸಿಕೊಂಡು ಹೋಗುವುದು: ಸ್ಥೂಲವಾಗಿ ಇದರ ಅರ್ಥವಿಷ್ಟೆ. ಭರತಮುನಿ ಎಂಟು ಸ್ಥಾಯಿಭಾವಗಳನ್ನು ಎಣಿಸಿದವನು. ನಾಲ್ಕಕ್ಕೇ ತೃಪ್ತರಾದ ಈ ಪಂಡಿತರ ಮೇಲೆ ನನಗೆ ಕನಿಕರವೇ ಉಂಟಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆ ಕನಿಕರ ಹೆಚ್ಚು ದಿನ ಬಾಳಲಿಲ್ಲ.

ಭಾಷಾಂತರಕ್ಕೆ ನಾನು ಎರಡು ರಾತ್ರಿ ಕೂತೆ. ಸಂತೋಷ, ದುಃಖ, ಕೋಪ, ಭಯ ಎಂದು ಅಚ್ಚುಕಟ್ಟಾಗಿ ಬರೆದುಕೊಟ್ಟೆ. ಪುತ್ತೂರಿನ ಅಂಗನವಾಡಿಯಲ್ಲಿ ಮೊದಲನೆಯ ಹುಡುಗನೇ ದುಃಖದ ಮುಖವನ್ನು ನೋಡಿ "ಬೇಜಾರು" ಎಂದ. ಸಿಟ್ಟಿನ ಮುಖವನ್ನು ತೋರಿಸಿದೆ. ಸ್ವಲ್ಪ ಯೋಚಿಸಿ, "ಇದಕ್ಕೂ ಬೇಜಾರು" ಎಂದ. ನಮ್ಮ ಕಡೆಯ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜ ತೀರಿಕೊಂಡರೂ ನಮಗೆ ಬೇಜಾರು. ಮಳೆ ಬಿಡದಿದ್ದರೂ ಬೇಜಾರು. ಮದುವೆಗೆ ಕರೆಯದಿದ್ದರೂ ಬೇಜಾರು. ಮನೆಗೆ ಬಂದವರಿಗೆ ಚಹಾ ಕೊಡಲಾಗದಿದ್ದರೆ 'ಬೇಜಾರು ಮಾಡಿಕೊಳ್ಳಬೇಡಿ' ಎನ್ನುತ್ತೇವೆ. ಶೋಕ, ಬೇಸರ, ಮುನಿಸು, ಸಂಕೋಚ ಇವೆಲ್ಲವನ್ನೂ ಒಂದೇ ಚೀಲದಲ್ಲಿ ಹೊತ್ತು ತಿರುಗುವ ಶಬ್ದ ಅದು. ಅದಕ್ಕೆ ಎರಡು ಅಂಕವೋ, ಒಂದೋ, ಸೊನ್ನೆಯೋ? ಸೂಚನೆಯ ಹಾಳೆಯಲ್ಲಿ ಉತ್ತರವಿರಲಿಲ್ಲ, ಎಂ.ಎ. ಪದವಿಯಲ್ಲಿಯೂ ಇರಲಿಲ್ಲ.

ಸುಳ್ಯದ ಕಡೆಯ ಅಂಗನವಾಡಿಯಲ್ಲಿ ತೊಡಕು ಇನ್ನೂ ಬಲವಾಯಿತು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ತರುವಾಯ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳು ಅಲ್ಲಿನ ರಬ್ಬರು ತೋಟಗಳಲ್ಲಿ ನೆಲೆ ನಿಂತಿರುವುದು ತಿಳಿದ ಸಂಗತಿ. ಅಂತಹ ಮನೆಯ ಮಗುವೊಂದರ ಎಡಕ್ಕೆ ಅರೆಭಾಷೆಯ ಹುಡುಗ, ಬಲಕ್ಕೆ ಮಲಯಾಳದ ಹುಡುಗಿ. ಎದುರಿಗೆ ಗ್ರಾಂಥಿಕ ಕನ್ನಡದ ಹಾಳೆ ಹಿಡಿದ ನಾನು! ಅಲ್ಲಿ ನಾನು ಅಳೆದುದು ಅವರ ಭಾವವನ್ನಲ್ಲ, ನನ್ನ ಕನ್ನಡ ಅವರಿಗೆ ಎಷ್ಟು ತಿಳಿಯಿತೆಂಬುದನ್ನು.

ಕಡಬದಿಂದ ಸುಬ್ರಹ್ಮಣ್ಯದ ದಾರಿಯಲ್ಲಿರುವ ಮೂರನೆಯ ಅಂಗನವಾಡಿಗೆ ಹೋಗುವಾಗ ನಾನು ತಕ್ಕಮಟ್ಟಿಗೆ ಪಳಗಿದ್ದೆ. ಕೋಪವನ್ನು ಸಿಟ್ಟಾಗಿಸಿದ್ದೆ, ಭಯವನ್ನು ಹೆದರಿಕೆಯಾಗಿಸಿದ್ದೆ, ಪರದೇಶದ ಪ್ರಸಂಗಗಳನ್ನು ತೆಗೆದು ನಮ್ಮೂರಿನವನ್ನು ಸೇರಿಸಿದ್ದೆ. ಅವುಗಳಲ್ಲೊಂದು ಹೀಗಿತ್ತು: 'ಗೊಂಬೆಯ ಅಪ್ಪ ತುಂಬ ದಿನಗಳ ಮೇಲೆ ಮನೆಗೆ ಬಂದಿದ್ದಾರೆ. ಚೀಲದಲ್ಲಿ ಮಿಠಾಯಿ ತಂದಿದ್ದಾರೆ. ಗೊಂಬೆಗೆ ಹೇಗಾಯಿತು?' ಇದಕ್ಕಿಂತ ಸುಲಭವಾದ ಪ್ರಶ್ನೆ ಇರಲಾರದೆಂದು ನನ್ನ ಎಣಿಕೆ.

ತುಳು ಮನೆಮಾತಿನ ನಾಲ್ಕು ವರ್ಷದ ಹುಡುಗಿಯೊಬ್ಬಳು ಮುಖಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಹೆದರಿಕೆಯ ಮುಖವನ್ನೆತ್ತಿ ಗೊಂಬೆಗೆ ಅಂಟಿಸಿ, ಗೊಂಬೆಯ ಕಿವಿಯಲ್ಲೆಂಬಂತೆ "ಪೋಡಿಗೆ" ಎಂದಳು. ತುಳುವಿನಲ್ಲಿ ಹೆದರಿಕೆಗೆ ಅದೇ ಹೆಸರು. ನಾನು ಸೊನ್ನೆ ಬರೆದೆ.

ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಟೀಚರು ತಲೆಯೆತ್ತಿದರು. "ಎಂತ ಮಾಷ್ಟ್ರೇ, ಸೊನ್ನೆ ಹಾಕಿದಿರಾ? ಅವಳು ಸರಿಯೇ ಹೇಳಿದ್ದಲ್ವಾ?" ಹುಡುಗಿಯ ತಂದೆ ಗಲ್ಫಿನಲ್ಲಿರುವವರು. ಮಗಳು ತೊಟ್ಟಿಲಲ್ಲಿದ್ದಾಗ ಹೋದವರು ಮೊದಲ ಸಲ ಬಂದುದು ಆ ವರ್ಷದ ಬೇಸಗೆಯಲ್ಲಿ. ಫೋನಿನ ಗಾಜಿನಲ್ಲಿ ದಿನವೂ ಕಾಣುತ್ತಿದ್ದ ಅಂಗೈಯಗಲದ ಅಪ್ಪ ಒಮ್ಮೆಗೇ ಬಾಗಿಲು ತುಂಬುವಷ್ಟು ಬೆಳೆದು ಒಳಗೆ ಬಂದಾಗ ಮಗು ಮಂಚದಡಿಗೆ ಓಡಿತಂತೆ. ಎರಡು ದಿನ ಅಜ್ಜಿಯ ಸೆರಗು ಬಿಡಲಿಲ್ಲ. "ನಾಲ್ಕನೆಯ ದಿನ ಮಡಿಲಲ್ಲಿ ಕೂತಳು. ತಿಂಗಳಾಗುವಾಗ ಅವರು ಹೊರಟೇ ಹೋದರು" ಎಂದರು ಟೀಚರು.

ಈ ತಪ್ಪನ್ನು ಡೆನ್‌ಹ್ಯಾಮ್ ಅವರ ತಲೆಗೆ ಕಟ್ಟುವಂತಿಲ್ಲ. ಒಂದೇ ಸಂದರ್ಭ ಒಂದು ಮಗುವಿಗೆ ಹಿತವೂ ಇನ್ನೊಂದಕ್ಕೆ ಹೆದರಿಕೆಯೂ ಆಗಬಹುದೆಂಬುದನ್ನು ಆಕೆ ಮೊದಲೇ ಎಣಿಸಿ, ಅಂತಹ ಪ್ರಸಂಗಗಳಿಗೆ ಮುಂಚಿತವಾಗಿ ತಂದೆತಾಯಿಯರನ್ನು ವಿಚಾರಿಸಬೇಕೆಂದು ವಿಧಿಸಿದ್ದಾರೆ. ಆ ಭಾಗವನ್ನು ಕಾಲಾವಕಾಶವಿಲ್ಲವೆಂದು ಬಿಟ್ಟವನು ನಾನು. ಮಗುವಿಗೆ ಗೊತ್ತಿತ್ತು; ಟೀಚರಿಗೆ ಗೊತ್ತಿತ್ತು; ಗೊತ್ತಿಲ್ಲದವನ ಕೈಯಲ್ಲಿ ಪೆನ್ನಿತ್ತು.

ನನ್ನ ಬಾಲ್ಯದ ಒಂದು ನೆನಪು ಆಗ ಒತ್ತರಿಸಿ ಬಂತು. ನನ್ನದೂ ತುಳು ಮನೆ. ಒಂದನೆಯ ತರಗತಿಯಲ್ಲಿ ಏಕೆ ಅಳುತ್ತೀಯೆಂದು ಮಾಸ್ತರರು ಕೇಳಿದಾಗ ಹೇಳಲು ಕನ್ನಡದಲ್ಲಿ ಶಬ್ದ ಸಿಗಲಿಲ್ಲ. ಹಟಮಾರಿಯೆಂಬ ಬಿರುದು ಸಿಕ್ಕಿತು. ಆ ಬಿರುದನ್ನು ಹೊತ್ತೇ ನಾನು ಎರಡು ತರಗತಿ ದಾಟಿದೆ.

ಇಂತಹ ಎಡವಟ್ಟು ಕನ್ನಡ ಅಧ್ಯಾಪಕರಿಗಷ್ಟೇ ಮೀಸಲಲ್ಲ. ವಾಲ್ಟರ್ ಮಿಶೆಲ್ ಎಂಬವರು 1960ರ ದಶಕದ ಕೊನೆಗೆ ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಆರಂಭಿಸಿದ ಮಿಠಾಯಿಯ ಪರೀಕ್ಷೆ ಜಗತ್ಪ್ರಸಿದ್ಧ: ಈಗಲೇ ಒಂದನ್ನು ತಿನ್ನು, ನಾನು ಬರುವವರೆಗೆ ಕಾದರೆ ಎರಡು. ಕಾದ ಮಕ್ಕಳು ಮುಂದೆ ಓದಿನಲ್ಲಿಯೂ ಬಾಳಿನಲ್ಲಿಯೂ ಮೇಲಾದರೆಂಬ ಕಥೆಯನ್ನು ಎಷ್ಟು ಭಾಷಣಗಳಲ್ಲಿ ಕೇಳಿದ್ದೇವೆ! 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಮತ್ತೆ ಪರಿಶೀಲಿಸಿದಾಗ ಆ ಸಂಬಂಧ ಬಹಳ ದುರ್ಬಲವಾಗಿ ಕಂಡಿತು. ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದಾಗ ಇನ್ನಷ್ಟು ಕರಗಿತು. ಇದಕ್ಕಿಂತ ನನಗೆ ಹಿಡಿಸಿದುದು ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಚಿಕ್ಕ ಪ್ರಯೋಗ. 28 ಮಕ್ಕಳು. ಅರ್ಧ ಮಂದಿಗೆ, ಒಳ್ಳೆಯ ಬಣ್ಣದ ಪೆನ್ಸಿಲು ತರುತ್ತೇನೆಂದು ಹೋದವರು ತಂದೇ ಕೊಟ್ಟರು. ಉಳಿದವರ ಮುಂದೆ ಬರಿಗೈಯಲ್ಲಿ ಬಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರಿಗಾಗಿ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದವು. ಮಾತು ತಪ್ಪಿದವರಿಗಾಗಿ ಮೂರು ನಿಮಿಷ. ಮಗುವಿನ ತಾಳ್ಮೆಯೆಂದು ಬರೆದುಕೊಂಡ ಅಂಕದಲ್ಲಿ ದೊಡ್ಡವರ ನಾಲಿಗೆಯ ಬೆಲೆಯೂ ಸೇರಿತ್ತೆಂದಾಯಿತು.

ಹಾಗಾದರೆ ಇದನ್ನೆಲ್ಲ ಕಲಿಸುವುದೇ ಬೇಡವೆ? ಖಂಡಿತ ಬೇಕು, ಕಲಿಯಲೂ ಬರುತ್ತದೆ. ಮೂರು ವರ್ಷದ ವಯಸ್ಸಿನಲ್ಲಿ ಮನೆಯವರೊಡನೆ ಭಾವಗಳ ವಿಷಯ ಹೆಚ್ಚು ಮಾತಾಡಿದ ಮಕ್ಕಳು ಆರನೆಯ ವರ್ಷದಲ್ಲಿ ಇತರರ ಭಾವವನ್ನು ಚೆನ್ನಾಗಿ ಗುರುತಿಸುತ್ತಾರೆಂದು ಜೂಡಿ ಡನ್ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. ಪುತ್ತೂರಿನವರಿಗೆ ಈ ಚಿಂತನೆ ತೀರ ಹೊಸತೂ ಅಲ್ಲ. ಪರ್ಲಡ್ಕದ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಆಟ, ಕುಣಿತ, ನಾಟಕಗಳನ್ನು ಮಕ್ಕಳ ಶಿಕ್ಷಣದೊಳಕ್ಕೆ ತರುವ ಪ್ರಯೋಗ ನಡೆಸಿದರು. ರಾಜನಾಗಿಯೂ ಕಳ್ಳನಾಗಿಯೂ ಕುಣಿದ ಮಗುವಿಗೆ ಇನ್ನೊಬ್ಬನ ಸಿಟ್ಟು ಒಳಗಿನಿಂದ ಪರಿಚಯವಾಗಿರುತ್ತದೆ. ಇನ್ನು 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರಿಗೆ ಭಾವನಾತ್ಮಕ ಬೆಳವಣಿಗೆಯನ್ನು ಒಂದು ಗುರಿಯಾಗಿಯೇ ಇಟ್ಟಿದೆ, ಮನೆಮಾತಿನಲ್ಲಿ ಕಲಿಸಬೇಕೆನ್ನುತ್ತದೆ, ಶಾಲಾಪೂರ್ವದ ಮಕ್ಕಳಿಗೆ ಪರೀಕ್ಷೆಗಳು ಸಲ್ಲವೆಂದೂ, ನೋಡುತ್ತ ನೋಡುತ್ತ ಅರಿಯಬೇಕೆಂದೂ ಹೇಳುತ್ತದೆ. ಆದರೆ ಅಂಗನವಾಡಿಯ ಟೀಚರಿಗೆ ಬರೆಯುವ ದಾಖಲೆಗಳೇ ಇಷ್ಟಿರುವಾಗ ನೋಡುವುದಕ್ಕೆ ಬಿಡುವೆಲ್ಲಿಂದ ಎಂಬುದು ಬೇರೆ ಮಾತು.

ಆದರೂ ಆ ಕಡಬದ ಟೀಚರು ನೋಡುತ್ತಿದ್ದರು. ಬೆಳಗ್ಗೆ ಅಳುತ್ತ ಬಂದ ಹುಡುಗನಿಗೆ 'ಅಳಬೇಡ' ಎನ್ನಲಿಲ್ಲ. ತುಳುವಿನಲ್ಲಿ ಕೇಳಿದರು, ಕನ್ನಡದಲ್ಲಿ ಹೆಸರಿಟ್ಟರು: "ಅಮ್ಮ ಹೋದದ್ದಕ್ಕೆ ಸಂಕಟ ಆಯ್ತಾ? ಮಧ್ಯಾಹ್ನ ಬರ್ತಾರೆ." ಊಟದ ತಟ್ಟೆಗಾಗಿ ಇಬ್ಬರು ಜಗಳಾಡಿದಾಗ ಇಬ್ಬರ ಕೈಯನ್ನೂ ಹಿಡಿದು, "ನಿನಗೆ ಸಿಟ್ಟು, ಇವನಿಗೆ ಬೇಜಾರು, ಹೌದಾ?" ಎಂದರು. ನಾನು ಅಷ್ಟು ದಿನ ತಡಕಾಡಿದ ಭೇದ ಅಲ್ಲಿ ಅನ್ನದ ಮುಂದೆ ನಿಮಿಷದಲ್ಲಿ ಬಗೆಹರಿದಿತ್ತು.

ಸೊನ್ನೆಯನ್ನು ಹೊಡೆದು ಎರಡು ಮಾಡಲು ಹೊರಟಾಗ ನನ್ನ ವಿದ್ಯಾರ್ಥಿನಿ ತಡೆದಳು. ಬರೆದ ಅಂಕವನ್ನು ಮನಬಂದಂತೆ ತಿದ್ದುವುದು ಸಂಶೋಧನೆಯಲ್ಲವಂತೆ, ಅವಳದೂ ನ್ಯಾಯವೇ. ಕೊನೆಗೆ ಆ ಮೊದಲ ಸುತ್ತಿನ ಹಾಳೆಗಳನ್ನೆಲ್ಲ ಬದಿಗಿಟ್ಟು, ಮನೆಮಾತಿನ ಶಬ್ದಕ್ಕೊಂದು, ಮನೆಯವರ ಹೇಳಿಕೆಗೊಂದು ಅಂಕಣ ಹಾಕಿ ಹೊಸ ಹಾಳೆ ಮಾಡಿದ್ದಾಳೆ. ಒಂದು ಗೊಂಬೆಯನ್ನು ಕಡಬದಲ್ಲಿಯೇ ಬಿಟ್ಟುಬಂದೆವು. ಆ ಹುಡುಗಿ ಅದನ್ನು ದಿನವೂ ಗಲ್ಫಿಗೆ ಕಳುಹಿಸಿ ಕರೆಸಿಕೊಳ್ಳುತ್ತಾಳೆಂದು ಸುದ್ದಿ. ಬೇಜಾರಿನ ಪ್ರಶ್ನೆ ಮಾತ್ರ ಇತ್ಯರ್ಥವಾಗಿಲ್ಲ. ಒಂದು ಅಂಕ ಸಾಕೆಂದು ಅವಳು, ಎರಡು ಕೊಡಲೇಬೇಕೆಂದು ನಾನು. ಬರುವ ಭಾನುವಾರ ಅವಳು ಹಾಳೆಗಳೊಡನೆ ಮತ್ತೆ ಬರುತ್ತಾಳೆ.