ಕಲ್ನಾರಿನ ಸೂರು ಇಳಿಸುವ ಮುನ್ನ

ಚಾಮರಾಜನಗರದಿಂದ ಗುಂಡ್ಲುಪೇಟೆಯತ್ತ ಹೋಗುವಾಗ ದಾರಿಬದಿಯ ಮನೆಗಳ ಸೂರುಗಳನ್ನೇ ಗಮನಿಸಿದರೆ ಒಂದು ಸಣ್ಣ ಚರಿತ್ರೆ ಕಣ್ಣಿಗೆ ಬೀಳುತ್ತದೆ. ಹುಲ್ಲು, ತೆಂಗಿನ ಗರಿಗಳ ಕಾಲ ಮುಗಿದ ಮೇಲೆ ಕುಂಬಾರರ ನಾಡಹೆಂಚು, ಉಳ್ಳವರಿಗೆ ಮಂಗಳೂರು ಹೆಂಚು, ಆಮೇಲೆ ಅಲೆಅಲೆಯಾದ ಬೂದು ಬಣ್ಣದ ಶೀಟು. ಈಗ ಆ ಶೀಟನ್ನೂ ಇಳಿಸಿ ಆರ್‌ಸಿಸಿ ಹಾಕಿಸುವ ಆಸೆ. ಇಳಿಸುವ ಕೆಲಸ ಸಾಮಾನ್ಯವಾಗಿ ಸುತ್ತಿಗೆಯಿಂದ ಶುರುವಾಗುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಆಸ್‌ಬೆಸ್ಟಾಸ್‌ಗೆ ಕನ್ನಡದಲ್ಲಿ ಸೊಗಸಾದ ಹೆಸರಿದೆ: ಕಲ್ನಾರು. ಹೆಸರೇ ಹೇಳುವಂತೆ ಇದು ನಾರಾಗಿ ಬಿಡಿಸಿಕೊಳ್ಳುವ ಕಲ್ಲು. ಬೆಂಕಿಗೆ ಉರಿಯದು, ನೀರಿಗೆ ಕೊಳೆಯದು, ಗೆದ್ದಲಿಗೆ ಬಗ್ಗದು. ಇದನ್ನು ಸಿಮೆಂಟಿನೊಡನೆ ಕಲಸಿ ತೆಳುವಾದ ಹಲಗೆ ಮಾಡುವ ವಿಧಾನವನ್ನು 1900ರ ಸುಮಾರಿಗೆ ಕಂಡುಹಿಡಿದವನು ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್. ಶೀಟಿನಲ್ಲಿ ನಾರಿನ ಪಾಲು ಸುಮಾರು ಹತ್ತರಲ್ಲೊಂದು. ಉಳಿದದ್ದು ಹೆಚ್ಚಾಗಿ ಸಿಮೆಂಟು. ಗಟ್ಟಿಯಾಗಿರುವವರೆಗೆ ನಾರು ಸಿಮೆಂಟಿನೊಳಗೆ ಬಂದಿಯಾಗಿರುತ್ತದೆ. ಆದ್ದರಿಂದ ಬಿರುಕು ಬಿಡದ ಶೀಟಿನ ಕೆಳಗೆ ಮಲಗುವವರು ಇಂದೇ ಗಾಬರಿ ಬೀಳಬೇಕಿಲ್ಲ.

ಒಡೆದಾಗ, ಗರಗಸದಿಂದ ಕೊಯ್ದಾಗ, ತೂತು ಕೊರೆದಾಗ ಮಾತ್ರ ಬೇರೆ ಮಾತು. ಈ ನಾರು ಉದ್ದುದ್ದಕ್ಕೆ ಸೀಳುತ್ತಾ ಹೋಗಿ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಶ್ವಾಸಕೋಶ ಹೊಕ್ಕ ನಾರನ್ನು ಕರಗಿಸುವ ಶಕ್ತಿ ದೇಹಕ್ಕಿಲ್ಲ. ಕಾಯಿಲೆ ತಲೆಯೆತ್ತಲು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷ ಹಿಡಿಯುವುದರಿಂದ, ಕೆಮ್ಮುವ ಮನುಷ್ಯನಿಗೆ ಹಿಂದೆಂದೋ ಒಡೆದ ಸೂರು ನೆನಪಾಗುವುದೇ ಇಲ್ಲ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಕಲ್ನಾರು ಕಾರ್ಮಿಕರ ಆರೋಗ್ಯ ಅವರ ಬದುಕುವ ಹಕ್ಕಿನ ಭಾಗವೆಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಯುರೋಪಿನ ಒಕ್ಕೂಟ 2005ರಿಂದ ಇದರ ಬಳಕೆ ನಿಲ್ಲಿಸಿದೆ. ನಮ್ಮಲ್ಲಿ ಶೀಟು ತಯಾರಿಕೆಗೆ ತಡೆಯಿಲ್ಲ. ತಮಾಷೆಯೆಂದರೆ ಕಲ್ನಾರಿನ ತ್ಯಾಜ್ಯವನ್ನು ದೇಶದೊಳಕ್ಕೆ ತರುವಂತಿಲ್ಲ. ನಾರು ಮಾತ್ರ ರಷ್ಯಾ, ಕಜಕಿಸ್ತಾನಗಳಿಂದ ಹಡಗೇರಿ ಬರುತ್ತದೆ!

ಅಮೆರಿಕದವರಿಗೆ ಈ ಪೀಡೆ ಸೂರಿನ ಹೊರಗಲ್ಲ, ಒಳಗೆ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಮನೆಗಳ ಒಳಚಾವಣಿಗೆ ಅರಳಿನಂತೆ ಉಬ್ಬುಬ್ಬಾಗಿ ಕಾಣುವ ಲೇಪ ಸಿಂಪಡಿಸುವುದು ಫ್ಯಾಷನ್ ಆಗಿತ್ತು. ಎಷ್ಟೋ ಕಡೆ ಅದರಲ್ಲಿ ಕಲ್ನಾರು ಬೆರೆತಿತ್ತು. 1978ರಲ್ಲಿ ಅಂಥ ಸಿಂಪಡಣೆಗೆ ಸರ್ಕಾರ ತಡೆ ಹಾಕಿತಾದರೂ ಹಳೆಯ ಮನೆಗಳಲ್ಲಿ ಲೇಪ ಉಳಿದಿದೆ. ಕೆರೆಯುವ ಮುನ್ನ ಚೂರೊಂದನ್ನು ಪ್ರಯೋಗಾಲಯಕ್ಕೆ ಕಳಿಸಿ, ಕಲ್ನಾರು ಇದ್ದರೆ ಪಳಗಿದವರನ್ನು ಕರೆಸಿ, ನೆನೆಸಿ ತೆಗೆಸುವುದು ಅಲ್ಲಿನ ರೂಢಿ.

ನೆನೆಸುವ ಪಾಠ ನಮಗೂ ಸಲ್ಲುತ್ತದೆ. ಇಳಿಸುವ ದಿನ ಮಕ್ಕಳು, ದನಕರು ದೂರವಿರಲಿ. ಸ್ವಲ್ಪ ಸೋಪು ಬೆರೆಸಿದ ನೀರನ್ನು ಶೀಟಿಗೆ ಮೆಲ್ಲಗೆ ಸಿಂಪಡಿಸಿ, ಕೊಕ್ಕೆ ಬೋಲ್ಟುಗಳನ್ನು ಬಿಚ್ಚಿ, ಶೀಟನ್ನು ಇಡಿಯಾಗಿಯೇ ಕೆಳಗಿಳಿಸಬೇಕು, ಎಸೆಯಬಾರದು. ಶೀಟಿನ ಮೇಲೆ ಕಾಲಿಡಲೇಬಾರದು. ಹಳೆಯ ಶೀಟು ಆಳಿನ ಭಾರ ತಡೆಯುವುದಿಲ್ಲ. ಕಾಯಿಲೆಗೆ ಇಪ್ಪತ್ತು ವರ್ಷ ಬೇಕಾದರೆ ಬೀಳುವುದಕ್ಕೆ ಒಂದು ಕ್ಷಣ ಸಾಕು. ಮೂಗಿಗೆ ಸುತ್ತಿದ ಟವೆಲ್ಲು ಈ ದೂಳನ್ನು ತಡೆಯದು, ಎಫ್‌ಎಫ್‌ಪಿ-3 ದರ್ಜೆಯ ಮುಖಗವಸು ಬೇಕು. ಬಿದ್ದ ದೂಳನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಶೀಟಿನೊಂದಿಗೇ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಕು. ಕೆಲಸದ ಬಟ್ಟೆಯನ್ನು ಮನೆಮಂದಿಯ ಬಟ್ಟೆಯೊಂದಿಗೆ ಒಗೆಯುವುದು ಬೇಡ.

ಕಟ್ಟಿದ್ದನ್ನು ಎಲ್ಲಿಗೆ ಒಯ್ಯುವುದು? ಗುಂಡ್ಲುಪೇಟೆಯಲ್ಲಾದರೆ ಪುರಸಭೆಯನ್ನು, ಚಾಮರಾಜನಗರದಲ್ಲಾದರೆ ನಗರಸಭೆಯನ್ನು ಮೊದಲೇ ಕೇಳಿಕೊಂಡು ಸಾಗಿಸುವುದು ಲೇಸು. ಹಳ್ಳಿಗಳಲ್ಲಿ ಒಡೆದ ಶೀಟು ಕೋಳಿಗೂಡಿನ ಮುಚ್ಚಳವಾಗುತ್ತದೆ, ಅಂಗಳದ ಗುಂಡಿಗೆ ತುಂಬುವ ಕಲ್ಲಾಗುತ್ತದೆ. ಅಂಗಳದಲ್ಲಿ ಕುಂಟೆಬಿಲ್ಲೆ ಆಡುವ ಮಕ್ಕಳು ಕೈಗೆ ಸಿಕ್ಕ ಚೂರನ್ನೇ ನೆಲಕ್ಕೆ ತಿಕ್ಕಿ ಬಿಲ್ಲೆ ಮಾಡಿಕೊಳ್ಳುತ್ತಾರೆ. ಹೆಂಚಿನ ಚೂರಾದರೆ ಚಿಂತೆಯಿಲ್ಲ. ಶೀಟಿನ ಚೂರಾದರೆ ಕಿತ್ತುಕೊಳ್ಳಿ, ಅಳುತ್ತಾರೆಂದು ಬಿಡಬೇಡಿ.