ಮಗನ ಹೆಸರು ಮರೆತರೂ ಪದ ಮರೆಯದ ಮುತ್ಯಾ

ಪ್ರಶ್ನೆ: ನಮ್ಮ ಮುತ್ಯಾಗೆ ಡಿಮೆನ್ಶಿಯಾ. ಮಗನ ಹೆಸರೂ ನೆನಪಿಲ್ಲ. ಭಜನಾ ಪದ ಮಾತ್ರ ಪೂರ್ತಿ ಹಾಡುತ್ತಾರೆ. ಇದು ಹೇಗೆ? (ಓದುಗರು, ಗಬ್ಬೂರು)

ಉತ್ತರ: ಮುತ್ಯಾ ನಾಟಕ ಮಾಡುತ್ತಿಲ್ಲ, ಮೊದಲು ಆ ಅನುಮಾನ ಬಿಡಿ. ಹೊಸ ನೆನಪು ಕೂಡಿಡುವ ಮಿದುಳಿನ ಭಾಗ ಹಿಪೊಕ್ಯಾಂಪಸ್. ಡಿಮೆನ್ಶಿಯಾದ ಸಾಮಾನ್ಯ ಕಾರಣವಾದ ಅಲ್ಝೈಮರ್ ಕಾಯಿಲೆಯಲ್ಲಿ ಅದು ಬೇಗ ಸವೆಯುತ್ತದೆ. ಬಹುಕಾಲದಿಂದ ಬಲ್ಲ ಹಾಡನ್ನು ಗುರುತಿಸುವ ಮಿದುಳಿನ ಭಾಗಗಳು ಹೆಚ್ಚು ಕಾಲ ಉಳಿಯುತ್ತವೆ ಎಂದು ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2015ರಲ್ಲಿ ತೋರಿಸಿದರು.

ಹಾಗಾದರೆ ಅವರಿಗೆ ಯಾವ ಹಾಡು ಕೇಳಿಸಬೇಕು? ಹರೆಯದಲ್ಲಿ ಕೇಳಿದ್ದು, ಹಾಡಿದ್ದು. ನಿಮ್ಮ ಸೀಮೆಯಲ್ಲಿ ಅದಕ್ಕೇನು ಬರ! ಮಾನ್ವಿಯ ಜಗನ್ನಾಥದಾಸರ ಕೀರ್ತನೆ, ತತ್ವಪದ, ಮೊಹರಂ ಪದ, ಇಲ್ಲವೇ ರಾಜಕುಮಾರ್ ಚಿತ್ರಗೀತೆ. ನಿಮಗೆ ಹಿಡಿಸಿದ್ದಲ್ಲ, ಅವರಿಗೆ ಹಿಡಿಸಿದ್ದು. ಸ್ನಾನಕ್ಕೆ ಒಲ್ಲೆನೆಂದು ಹಟ ಹಿಡಿಯುತ್ತಾರೆಯೇ? ಅರ್ಧ ಗಂಟೆ ಮೊದಲೇ ಮೊಬೈಲಿನಲ್ಲಿ ಅಂಥ ಹಾಡು ಮೆಲ್ಲಗೆ ಹಚ್ಚಿ, ಟಿವಿ ಆರಿಸಿ. ಮುಖ ಕಿವುಚಿದರೆ, ಕಣ್ಣೀರು ಬಂದರೆ ನಿಲ್ಲಿಸಿ. ಕೆಲವು ಹಾಡು ಹಳೆಯ ದುಃಖವನ್ನೂ ಎಬ್ಬಿಸುತ್ತವೆ.

ಹಾಡು ಕಾಯಿಲೆ ವಾಸಿಮಾಡದು, ಮನಸ್ಸಿನ ಭಾರ ಇಳಿಸಬಹುದು ಅಷ್ಟೆ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧವಿದೆ. ಇವನ್ನು ಪತ್ತೆಹಚ್ಚುವ ರಕ್ತಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ರಾಯಚೂರಿಗೆ ಕರೆದೊಯ್ದು ಮಾಡಿಸಿ.